ಅಂಚೆಯಕ್ಕನ ಮೂರು ಸೆಕೆಂಡು

ಆ ಮನೆಯಲ್ಲಿ ಅತ್ತೆ ಮಾವ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಹಾಗೆಂದು ಮನೆಯೇನೂ ಮೌನವಾಗಿರಲಿಲ್ಲ. ನಾಲ್ಕು ಹೆಜ್ಜೆ ಆಚೆ ಕುರ್ಚಿಯಲ್ಲಿ ಪೇಪರ್ ಓದುತ್ತ ಕೂತ ಗಂಡನಿಗೆ ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿಯೇ ಅತ್ತೆ ಅಡುಗೆಮನೆಯಿಂದ, "ಅವರಿಗೆ ಹೇಳು, ಟೀ ಆಯ್ತು ಅಂತ" ಎಂದು ಸೊಸೆಗೆ ಹೇಳುತ್ತಿದ್ದರು. ಸೊಸೆ ಕೈಯಲ್ಲಿದ್ದ ಕೆಲಸ ಬಿಟ್ಟು ಮಾವನ ಎದುರು ಹೋಗಿ ನಿಂತು, ಟೀ ಆಯಿತಂತೆ ಎನ್ನಬೇಕು. ಮಾವ ಪೇಪರಿನಿಂದ ತಲೆ ಎತ್ತದೆ, ಸಕ್ಕರೆ ಕಮ್ಮಿ ಹಾಕಲು ಹೇಳು ಎನ್ನಬೇಕು. ಅವಳು ವಾಪಸ್ ಬಂದು ಅದನ್ನು ಒಪ್ಪಿಸಬೇಕು. ಇಷ್ಟು ನಡೆಯದೆ ಟೀ ಲೋಟ ಅಡುಗೆಮನೆಯಿಂದ ಆಚೆ ಬರುತ್ತಿರಲಿಲ್ಲ.

ಇವರಿಬ್ಬರದು ಸಾಲದು ಎನ್ನುವಂತೆ ಹದಿಮೂರು ವರ್ಷದ ಮಗಳು ಬೇರೆ. ಶಾಲೆಯ ಮೀಟಿಂಗಿಗೆ ಅಪ್ಪ ಬರಬೇಕಂತೆ, ನೀನೇ ಹೇಳಮ್ಮ. ಗಂಡ ಸ್ನಾನದ ಮನೆಯಿಂದಲೇ, ಸಾಯಂಕಾಲ ಲೇಟಾಗುತ್ತೆ, ಅಮ್ಮಂಗೆ ಹೇಳಿಬಿಡು. ಗಂಡ ಕೆಟ್ಟವನಲ್ಲ. ಸಿಂಕಿನ ನಲ್ಲಿ ಸೋರುತ್ತಿದೆ, ಗ್ಯಾಸ್ ಬುಕ್ ಆಗಿಲ್ಲ, ಮಗಳ ಷೂ ಕಿತ್ತಿದೆ ಎಂದು ಅವಳು ಸಿಡುಕಿದಾಗಲೆಲ್ಲ ಅವನು ನಿಜಕ್ಕೂ ಆಶ್ಚರ್ಯಪಟ್ಟು, "ಹೇಳಿದ್ರೆ ಮಾಡ್ತಿದ್ನಲ್ಲ" ಎನ್ನುತ್ತಿದ್ದ. ನೋಡುವುದು, ನೆನಪಿಟ್ಟುಕೊಳ್ಳುವುದು, ಸರಿಯಾದ ಹೊತ್ತಿಗೆ ಸರಿಯಾದವರಿಗೆ ಹೇಳುವುದು, ಹೇಳಿದ ಮೇಲೆ ಆಯಿತೋ ಇಲ್ಲವೋ ಎಂದು ತಿರುಗಿ ಕೇಳುವುದು, ಇದೆಲ್ಲ ಒಂದು ಕೆಲಸ ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ. ಹೀಗೆ ಬೆಳಿಗ್ಗೆ ಆರರಿಂದ ಎಂಟೂವರೆಯ ತನಕ ನಾಲ್ಕು ಜನರ ಮಾತು ಹೊತ್ತು ನಾಲ್ಕು ಕೋಣೆಗಳಿಗೆ ಎಡತಾಕಿ, ಊಟದ ಡಬ್ಬಿ ಕಟ್ಟಿಕೊಂಡು ಅವಳು ಬಸ್ಸು ಹತ್ತುತ್ತಿದ್ದಳು. ಆಫೀಸಿನಲ್ಲಿ ಮಾಡುತ್ತಿದ್ದುದೂ ಅದನ್ನೇ.

ಆಫೀಸು ಒಂದು ಚಪ್ಪಲಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಲಿಫ್ಟು ಇತ್ತು, ಆದರೆ ಅದನ್ನು ನಂಬಿದವರು ಹಾಜರಿ ಹೊತ್ತಿಗೆ ಬರುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಲ್ಯಾಬಿನ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಯಂತ್ರದಿಂದ ಅಂಕಿಗಳನ್ನು ಓದುತ್ತದೆ, ಇನ್ನೊಂದು ಅದನ್ನು ರೋಗಿಯ ಹೆಸರಿನ ಎದುರು ದಾಖಲು ಮಾಡುತ್ತದೆ, ಮತ್ತೊಂದು ರಿಪೋರ್ಟು ಅಚ್ಚು ಹಾಕುತ್ತದೆ. ಒಂದೇ ಕಂಪ್ಯೂಟರಿನಲ್ಲಿದ್ದರೂ ಒಂದೊಂದು ಪ್ರೋಗ್ರಾಮೂ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಕೂತ ಹಾಗೆ. ಒಂದರ ಕೋಣೆಗೆ ಇನ್ನೊಂದು ಇಣುಕುವಂತಿಲ್ಲ. ಮಾತು ದಾಟಿಸಬೇಕೆಂದರೆ ನಡುವೆ ಓಡಾಡುವವರು ಬೇಕು. ಆ ಓಡಾಟದ ಕೋಡನ್ನು ಬರೆದವಳು ಅವಳು. ಇಂಥ ಕೋಡಿಗೆ ಲೈಬ್ರರಿ ಎನ್ನುತ್ತಾರೆ. ಬೇರೆಯವರು ತಮ್ಮ ತಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಂಡು ಬಳಸಲಿ ಎಂದು ಬರೆದಿಟ್ಟ ಸಿದ್ಧ ಸಾಮಾನು. ಅವಳ ಲೈಬ್ರರಿಯ ಹೆಸರು ಅಂಚೆ. ಅದರಿಂದಾಗಿ ಅವಳು ಎಲ್ಲರಿಗೂ ಅಂಚೆಯಕ್ಕ. ಅವಳ ಅಸಲು ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು.

ಅವಳು ಆ ಕೆಲಸವನ್ನು ಬಯಸಿ ತೆಗೆದುಕೊಂಡದ್ದೇನೂ ಅಲ್ಲ. ಹದಿನೈದು ವರ್ಷದ ಹಿಂದೆ ಕಂಪನಿ ಶುರುವಾದಾಗ ಆರು ಜನ ಇದ್ದರು. ಪರದೆಯ ಮೇಲೆ ಕಾಣುವ ಬಣ್ಣದ ಪಟ್ಟಿ, ರಿಪೋರ್ಟು, ನಕ್ಷೆ, ಗಿರಾಕಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವಂಥದ್ದನ್ನೆಲ್ಲ ಐವರು ಗಂಡಸರು ಹಂಚಿಕೊಂಡರು. ಅವಳು ಮದುವೆಯ ರಜೆ ಮುಗಿಸಿ ಬರುವಷ್ಟರಲ್ಲಿ ಉಳಿದದ್ದು ಇದೊಂದೇ. ಸರಿಯಿದ್ದಾಗ ಯಾರ ಕಣ್ಣಿಗೂ ಬೀಳದ, ಕೆಟ್ಟಾಗ ಮಾತ್ರ ಎಲ್ಲರೂ ಬೊಬ್ಬೆ ಹೊಡೆಯುವ ಕೆಲಸ. ಆಗಷ್ಟೇ ಗಂಡನ ಮನೆಯ ಅಡುಗೆ ಕೋಣೆಗೆ ಕಾಲಿಟ್ಟಿದ್ದ ಅವಳಿಗೆ ಆ ಜಾತಿಯ ಕೆಲಸ ಪರಿಚಯವಾಗತೊಡಗಿತ್ತು.

ಆದರೆ ಮಾಡುತ್ತ ಮಾಡುತ್ತ ಅದರ ಮೇಲೆ ಪ್ರೀತಿ ಹುಟ್ಟಿತು. ಲ್ಯಾಬಿನಿಂದ ಲ್ಯಾಬಿಗೆ ಯಂತ್ರ ಬೇರೆ, ಕಂಪ್ಯೂಟರ್ ಬೇರೆ, ಅದನ್ನು ಓಡಿಸುವ ವ್ಯವಸ್ಥೆಯೂ ಬೇರೆ. ಒಂದು ಕಡೆ ಮಾತು ದಾಟಿಸುವ ದಾರಿ ಇನ್ನೊಂದು ಕಡೆ ಇರುವುದೇ ಇಲ್ಲ. ಈ ರಗಳೆಯನ್ನೆಲ್ಲ ಅಂಚೆ ತನ್ನ ಹೊಟ್ಟೆಗೆ ಹಾಕಿಕೊಂಡು, ಹೊರಗಿನವರಿಗೆ ಮೂರೇ ಮಾತು ಕಲಿಸಿತ್ತು: ಕಳಿಸು, ತಗೋ, ತಲುಪಿತು. ಕಳಿಸಿದವನಿಗೆ 'ತಲುಪಿತು' ಎಂಬ ಉತ್ತರ ಬಂದರೆ ಅವನು ಮುಂದಿನ ಕೆಲಸಕ್ಕೆ ಹೋಗಬಹುದು. ಹಳೆಯ ಪೆಟ್ಟಿಗೆಯಂಥ ಕಂಪ್ಯೂಟರಾಗಲಿ, ಹೊಸದಾಗಲಿ, ಒಂದಕ್ಷರ ಬದಲಿಸದೆ ಅದು ಓಡುತ್ತಿತ್ತು. ಹೊಸಬರಿಗೆ ಪರಿಚಯಿಸುವಾಗ ಅಂಚೆಯಕ್ಕ ಹೆಣ್ಣು ತೋರಿಸುವವರ ದನಿಯಲ್ಲಿ, "ಯಾವ ಮನೆಗೆ ಕೊಟ್ರೂ ಹೊಂದ್ಕೊಂಡು ಹೋಗೋ ಹುಡುಗಿ ಇದು" ಎಂದು ನಗಿಸುತ್ತಿದ್ದಳು.

ಈಗ ಆ ಹುಡುಗಿಯನ್ನೇ ಮನೆಯಿಂದ ಹೊರಗೆ ಹಾಕುವ ಮಾತು ನಡೆದಿತ್ತು.

ಆರು ತಿಂಗಳ ಹಿಂದೆ ಬಂದಿದ್ದ ಹೊಸ ಮ್ಯಾನೇಜರ್ ಮೃದುವಾಗಿ ಮಾತಾಡುವವನು, ಯಾರನ್ನೂ ಏಕವಚನದಲ್ಲಿ ಕರೆಯದವನು. ಸಣ್ಣ ಲ್ಯಾಬುಗಳಿಗಾಗಿ ಕಂಪನಿ ಅಂಗೈ ಅಗಲದ ಒಂದು ಹೊಸ ಕಂಪ್ಯೂಟರ್ ಯಂತ್ರ ತರಿಸಿತ್ತು. ಅಗ್ಗದ್ದು, ನೆನಪಿನ ಜಾಗ ಕಡಿಮೆ. ಇದರ ಮೇಲೆ ಅಂಚೆ ಸರಿಯಾಗಿ ಓಡದಿದ್ದರೆ ಹೊರಗಿನಿಂದ ಸಿದ್ಧ ಲೈಬ್ರರಿಯೊಂದನ್ನು ಕೊಳ್ಳುವುದು ಎಂದು ಅವನು ಮೀಟಿಂಗಿನಲ್ಲಿ ಹೇಳಿದ. ಕೊಂಡರೆ ಅಂಚೆ ಎಲ್ಲ ಕಡೆಯಿಂದಲೂ ಹೋಗುತ್ತದೆ, ಎರಡೆರಡು ಸಾಕುವುದು ಯಾರಿಗೂ ಬೇಡ. ಎರಡು ವಾರ ಸಮಯ. ಹತ್ತು ಸಾವಿರ ಸಂದೇಶ ಕಳಿಸಬೇಕು, ಎರಡೂ ಕಡೆಯ ಸಂಖ್ಯೆ ತಾಳೆಯಾಗಬೇಕು, ಅಷ್ಟೇ. "ಹದಿನೈದು ವರ್ಷ ಒಬ್ಬರೇ ಎಳೆದಿದೀರಿ ಮೇಡಂ. ನಿಮಗೂ ಒಂದು ರೆಸ್ಟ್ ಸಿಕ್ಕಂಗಾಗುತ್ತೆ" ಎಂದು ನಗುಮುಖದಲ್ಲೇ ಸೇರಿಸಿದ. ಅಂಚೆಯಕ್ಕ ನೋಟ್‌ಪುಸ್ತಕ ಮುಚ್ಚಿದಳು. ಯಾರಿಗಾದರೂ ತನ್ನ ದಣಿವು ಕಾಣಿಸುವುದು ತನ್ನಿಂದ ಏನನ್ನಾದರೂ ಕಿತ್ತುಕೊಳ್ಳುವ ಹೊತ್ತಿನಲ್ಲಿ ಮಾತ್ರ ಎಂಬುದನ್ನು ಅವಳು ಮೊದಲೂ ಕಂಡಿದ್ದಳು.

ಪರೀಕ್ಷೆ ಮಾಡುವ ಹೊಣೆ ಕನ್ನಡಕದವಳದು. ಎರಡು ವರ್ಷದಿಂದ ಪಕ್ಕದ ಮೇಜಿನಲ್ಲಿ ಕೂರುವ, ಯಾವುದನ್ನೂ ಎರಡು ಸಲ ಎಣಿಸದೆ ನಂಬದ ಹೆಣ್ಣುಮಗಳು. ಮೂರನೇ ದಿನ ಅವಳು ಕುರ್ಚಿ ಎಳೆದುಕೊಂಡು ಬಂದು ಹತ್ತಿರ ಕೂತು ಸಣ್ಣ ದನಿಯಲ್ಲಿ, "ಅಕ್ಕ, ಬೇಜಾರು ಮಾಡ್ಕೋಬೇಡಿ. ಕಳಿಸಿದ ಕಡೆ ಹತ್ತು ಸಾವಿರಕ್ಕೂ 'ತಲುಪಿತು' ಅಂತಿದೆ. ಆ ಕಡೆ ನೋಡಿದ್ರೆ ಮೂವತ್ತೆಂಟು ಕಮ್ಮಿ" ಎಂದಳು.

ಅಂಚೆಯಕ್ಕ ಮೊದಲು ನಂಬಲಿಲ್ಲ. ಕಳೆದುಹೋಗುವುದು ಬೇರೆ. ಯಾವ ದಾರಿಯಲ್ಲೂ ಒಂದೆರಡು ಕಳೆಯಬಹುದು. ಆದರೆ ತಲುಪದೇ ಇದ್ದದ್ದನ್ನು ತಲುಪಿತು ಎಂದವರು ಯಾರು? ದಾಖಲೆಯಲ್ಲಿ ಒಂದು ಗೆರೆ ಇಲ್ಲ, ಒಂದು ಎಚ್ಚರಿಕೆ ಇಲ್ಲ. ಎರಡು ದಿನ ಅವಳು ಹೊಸ ಯಂತ್ರದ ಮೇಲೆಯೇ ಗುಮಾನಿ ಪಟ್ಟಳು. ಅದರ ಕೈಪಿಡಿಯನ್ನು ಬಸ್ಸಿನಲ್ಲಿ, ಬೇಳೆ ಬೇಯುವ ತನಕ ಒಲೆಯ ಪಕ್ಕದಲ್ಲಿ ಓದಿದಳು. ತಲೆ ಚಿಟ್ಟು ಹಿಡಿದುಹೋಯಿತು. ಮೂರನೆಯ ದಿನ ಮಧ್ಯಾಹ್ನ ಊಟದ ಡಬ್ಬಿಯನ್ನೂ ತೆರೆಯದೆ ತನ್ನದೇ ಕೋಡನ್ನು ಮೊದಲ ಸಾಲಿನಿಂದ ಓದುತ್ತ ಬಂದಾಗ, ಅರ್ಧ ದಾರಿಯಲ್ಲಿ ಅದು ಸಿಕ್ಕಿತು. ಒಂಬತ್ತು ಸಾಲು. ಮೇಲೆ ಅವಳೇ ಬರೆದುಕೊಂಡಿದ್ದ ಟಿಪ್ಪಣಿ: ಮೂರು ಸೆಕೆಂಡಿಗಿಂತ ಹೆಚ್ಚು ಕಾಯಿಸಬಾರದು. ಕೆಳಗೆ ತಾರೀಖು.

ಓದಿದಂತೆ ಎಲ್ಲ ನೆನಪಾಯಿತು. ಆಗ ಸಂದೇಶ ಪಡೆಯುವ ಪ್ರೋಗ್ರಾಮು ಒಮ್ಮೊಮ್ಮೆ ನಿಧಾನವಾಗುತ್ತಿತ್ತು. ಕಳಿಸಿದ ಪ್ರೋಗ್ರಾಮು 'ತಲುಪಿತು' ಎಂಬ ಉತ್ತರಕ್ಕೆ ಕಾದು ಕಾದು ಹಾಗೇ ನಿಂತುಬಿಡುತ್ತಿತ್ತು. ಪರದೆ ಹೆಪ್ಪುಗಟ್ಟಿತು ಎಂದು ಲ್ಯಾಬಿನವರು ಫೋನು ಮಾಡಿ ಬಯ್ಯುತ್ತಿದ್ದರು. ಪಡೆಯುವ ಪ್ರೋಗ್ರಾಮು ಬರೆದ ಮಹಾಶಯನ ಬಳಿ ಹೇಳಿದರೆ, ನೋಡೋಣ ನೋಡೋಣ ಎಂದು ಆರು ತಿಂಗಳು ತಳ್ಳಿದ. ಕೊನೆಗೆ ಅವಳೇ ಒಂದು ಉಪಾಯ ಮಾಡಿದಳು. ಮೂರು ಸೆಕೆಂಡಿನೊಳಗೆ ಆ ಕಡೆಯಿಂದ ಉತ್ತರ ಬರದಿದ್ದರೆ ಅಂಚೆಯೇ ಆ ಪ್ರೋಗ್ರಾಮಿನ ಪರವಾಗಿ 'ತಲುಪಿತು' ಎಂದುಬಿಡುವುದು. ಸಂದೇಶವನ್ನು ಒಂದು ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಂಡಿದ್ದು, ಆ ಕಡೆಯವನಿಗೆ ಪುರುಸೊತ್ತಾದಾಗ ಮೆಲ್ಲನೆ ಕೈಗೆ ಕೊಡುವುದು. ಫೋನುಗಳು ನಿಂತವು. ಹಳೆಯ ಯಂತ್ರಗಳಲ್ಲಿ ಆ ಪ್ರೋಗ್ರಾಮು ನಿಧಾನಸ್ಥನೇ ಹೊರತು ನಡುವೆ ನಿಂತು ಸಾಯುತ್ತಿರಲಿಲ್ಲ, ಹಾಗಾಗಿ ಇಟ್ಟದ್ದೆಲ್ಲ ಒಂದಲ್ಲ ಒಂದು ಹೊತ್ತಿಗೆ ತಲುಪುತ್ತಿತ್ತು. ಈ ಅಂಗೈ ಯಂತ್ರದಲ್ಲಿ ಜಾಗ ಸಾಲದೆ ಅವನು ನಡುನಡುವೆ ಸತ್ತು ಮತ್ತೆ ಹುಟ್ಟುತ್ತಿದ್ದ. ಅವನು ಹುಟ್ಟಿದಾಗಲೆಲ್ಲ ತಾತ್ಕಾಲಿಕ ಜಾಗವನ್ನು ಯಂತ್ರ ಗುಡಿಸಿ ಹಾಕುತ್ತಿತ್ತು. ಮೂವತ್ತೆಂಟು ಸಂದೇಶ ಕಸದ ಜೊತೆ ಹೋಗಿತ್ತು.

ಸರಿಮಾಡುವುದು ಹತ್ತು ನಿಮಿಷದ ಮಾತು. ಆ ತಾತ್ಕಾಲಿಕ ಜಾಗವನ್ನು ಗುಡಿಸದ ಕಡೆಗೆ ಬದಲಿಸಿದರೆ ಮುಗಿಯಿತು. ಸಂಖ್ಯೆ ತಾಳೆಯಾಗುತ್ತದೆ, ಅಂಚೆ ಉಳಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಅವಳ ಕೈ ಕೀಲಿಮಣೆಯ ಮೇಲೇ ಇತ್ತು. ಆದರೆ ಕಣ್ಣು ಆ ತಾರೀಖನ್ನು ಬಿಟ್ಟು ಕದಲಲಿಲ್ಲ. ಅದು ಹೊಲಿಗೆ ಮೆಷಿನ್ನಿನ ವಾರ.

ಹೊಲಿಗೆ ಮೆಷಿನ್ ಅತ್ತೆಯದು. ಕಾಲಿನಲ್ಲಿ ತುಳಿಯುವ, ಕಪ್ಪು ಬಣ್ಣದ್ದು. ಅತ್ತೆ ಅದರ ಮೇಲೆ ಮಕ್ಕಳ ಬಟ್ಟೆ ಹೊಲಿದಿದ್ದರು, ಬೀದಿಯ ಹೆಂಗಸರ ಬಟ್ಟೆ ಹೊಲಿದಿದ್ದರು, ಮಧ್ಯಾಹ್ನ ಎರಡರಿಂದ ನಾಲ್ಕು ತಮ್ಮ ಹೊತ್ತು ಎಂದು ಕಿಟಕಿಯ ಕೆಳಗೆ ಅದನ್ನು ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ಅವರು ತಂಗಿಯ ಮನೆಗೆ ಹೋಗಿದ್ದಾಗ ಮಾವ ಅದನ್ನು ತಮ್ಮ ಸಂಬಂಧಿಕರೊಬ್ಬರಿಗೆ ಎತ್ತಿ ಕೊಟ್ಟುಬಿಟ್ಟರು. ಈಗ ಯಾರು ಹೊಲೀತಾರೆ, ಸುಮ್ನೆ ಜಾಗ ತಿನ್ನುತ್ತೆ ಎಂದು ಅವರ ವಾದ. ವಾಪಸ್ ಬಂದ ಅತ್ತೆ ಕಿಟಕಿಯ ಕೆಳಗಿನ ಖಾಲಿ ಜಾಗ ನೋಡಿದರು. ಅಳಲಿಲ್ಲ, ಕೂಗಾಡಲಿಲ್ಲ. ಸೊಸೆಯನ್ನು ಕರೆದು, "ಅವರಿಗೆ ಹೇಳು, ನನ್ನ ಮೆಷಿನ್ ವಾಪಸ್ ತರಬೇಕು ಅಂತ" ಎಂದರು. ಆ ಮನೆಯಲ್ಲಿ 'ಅವರಿಗೆ ಹೇಳು' ಶುರುವಾದದ್ದು ಅಂದು.

ಅವಳು ಆಗ ಎರಡು ವರ್ಷದ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಹೋಗಿ ಮಾವನಿಗೆ ಹೇಳಿದಳು. ಮಾವ ಪೇಪರಿನ ಪುಟ ತಿರುಗಿಸಿದರು. ಅವಳು ನಿಂತಳು. ಅವರು ಇನ್ನೊಂದು ಪುಟ ತಿರುಗಿಸಿದರು. ಅಡುಗೆಮನೆಯಲ್ಲಿ ಅತ್ತೆ ಕಾಯುತ್ತಿದ್ದರು, ಮಗು ರಂಪ ಮಾಡುತ್ತಿತ್ತು, ಒಲೆಯ ಮೇಲೆ ಹಾಲಿತ್ತು. ಅವಳು ವಾಪಸ್ ಬಂದು, ನೋಡ್ತೀನಿ ಅಂದ್ರು ಅತ್ತೆ ಎಂದಳು. ಮನೆ ತಣ್ಣಗಾಯಿತು. ಅದಾದ ನಾಲ್ಕನೆಯ ದಿನ ಆಫೀಸಿನಲ್ಲಿ ಆ ಒಂಬತ್ತು ಸಾಲು ಬರೆದಿದ್ದಳು. ಎರಡಕ್ಕೂ ಸಂಬಂಧವಿದೆ ಎಂದು ಈ ಮಧ್ಯಾಹ್ನದ ತನಕ ಅವಳಿಗೆ ಹೊಳೆದಿರಲಿಲ್ಲ. ಮನೆಯಲ್ಲಿ ಕಲಿತ ಕೈಚಳಕವನ್ನು ಮೂವತ್ತು ಲ್ಯಾಬುಗಳಿಗೆ ಹಂಚಿದ್ದಳು, ಅಷ್ಟೇ.

ಅವಳು ಏನನ್ನೂ ಬದಲಿಸದೆ ಕಂಪ್ಯೂಟರ್ ಮುಚ್ಚಿ ಮನೆಗೆ ಹೊರಟಳು.

ಸಂಜೆ ಆರೂವರೆ. ಅತ್ತೆ ಕಿಟಕಿಯ ಕೆಳಗೆ ಸ್ಟೂಲಿನ ಮೇಲೆ ಕೂತು ಮೊಮ್ಮಗಳ ಶಾಲೆಯ ಚೀಲಕ್ಕೆ ಕಿತ್ತುಹೋದ ಪಟ್ಟಿ ಹೊಲಿಯುತ್ತಿದ್ದರು. ದಪ್ಪ ಬಟ್ಟೆ, ಊದಿದ ಬೆರಳು. ಸೂಜಿಯನ್ನು ಸ್ಟೂಲಿನ ಅಂಚಿಗೆ ಒತ್ತಿ ತಳ್ಳಬೇಕಾಗಿತ್ತು. ಗಂಟು ಹಾಕುವಾಗ ದಾರ ಜಾರಿತು. ಅತ್ತೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಾಮೂಲಿನಂತೆ ಗಟ್ಟಿಯಾಗಿ ಅಂದರು.

"ಅವರಿಗೆ ಕೇಳು, ಆ ಮೆಷಿನ್ ವಿಚಾರ ಏನಾಯ್ತು ಅಂತ. ನೋಡ್ತೀನಿ ಅಂದಿದ್ರಲ್ಲ."

ಹನ್ನೊಂದು ವರ್ಷದಲ್ಲಿ ಅತ್ತೆ ಅದರ ಸುದ್ದಿ ಎತ್ತಿದ್ದು ಇದು ಎರಡನೆಯ ಸಲ. ಮರೆತಿದ್ದಾರೆ ಎಂದು ಅಂಚೆಯಕ್ಕ ಅಂದುಕೊಂಡಿದ್ದಳು. ಅವರು ಮರೆತಿರಲಿಲ್ಲ, ಕಾಯುತ್ತಿದ್ದರು. ನೋಡುತ್ತೇನೆ ಎಂದವರನ್ನು ಪದೇ ಪದೇ ಕೇಳಬಾರದು ಎಂಬ ಮರ್ಯಾದೆಯಿಂದ ಕಾಯುತ್ತಿದ್ದರು. ಅವಳು ಪಡಸಾಲೆಗೆ ಹೋಗಿ ಮಾವನ ಮುಂದೆ ನಿಂತು ಕೇಳಿದಳು. ಮಾವನ ಕೈ ಪೇಪರಿನ ಅಂಚಿನಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಪುಟ ತಿರುಗಿತು. ಒಂದು, ಎರಡು, ಮೂರು. ಅವಳು ಅತ್ತೆಯ ಕಡೆ ಹೊರಟಾಗ ಬಾಯಿ ತಾನಾಗಿಯೇ ಸಿದ್ಧವಾಗಿತ್ತು. ವಿಚಾರಿಸ್ತೀನಿ ಅಂದ್ರು, ಅವರ ಹತ್ರ ಕೇಳಿದಾರಂತೆ, ಸ್ವಲ್ಪ ದಿನ ಅಂದ್ರು, ಇಂಥವು ಅವಳ ಬಳಿ ಡಬ್ಬಿಗಟ್ಟಲೆ ಇದ್ದವು.

"ಏನೂ ಹೇಳಲಿಲ್ಲ ಅತ್ತೆ."

"ಕೇಳಿಸ್ಲಿಲ್ವಂತಾ?"

"ಕೇಳಿಸ್ತು. ಏನೂ ಹೇಳಲಿಲ್ಲ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅವತ್ತೂ ಏನೂ ಹೇಳಿರಲಿಲ್ಲ. ನೋಡ್ತೀನಿ ಅಂತ ನಾನೇ ಅಂದಿದ್ದು."

ಅತ್ತೆ ಅವಳನ್ನು ನೋಡಿದರು. ಪಡಸಾಲೆಯಲ್ಲಿ ಪೇಪರಿನ ಸದ್ದು ನಿಂತಿತು. ಅತ್ತೆ ಸೂಜಿಯನ್ನು ಚೀಲಕ್ಕೆ ಚುಚ್ಚಿ ಬಿಟ್ಟು, ನಿಧಾನವಾಗಿ ಕೇಳಿದರು.

"ಇನ್ನೂ ಎಷ್ಟು ಹಾಗೆ ನೀನೇ ಅಂದಿದ್ದು?"

ಅವಳಿಗೆ ಲೆಕ್ಕ ಸಿಗಲಿಲ್ಲ. ಅತ್ತೆಗೆ ಜ್ವರ ಬಂದಾಗ ಮಾವ ವಿಚಾರಿಸಿದರು ಎಂದದ್ದು. ಮಾವನ ಹಲ್ಲುನೋವಿಗೆ ಅತ್ತೆ ಮೆತ್ತಗಿನ ಊಟ ಮಾಡಿಸಿದರು ಎಂದದ್ದು, ಮಾಡಿದವಳು ತಾನೇ ಆಗಿದ್ದಾಗ. ಅತ್ತೆ ಉತ್ತರಕ್ಕೆ ಕಾಯಲಿಲ್ಲ. ಚೀಲ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನದಿಂದ ಅವರು ಸೊಸೆಯ ಜೊತೆಗೂ ಮಾತು ಬಿಟ್ಟರು.

ಆಫೀಸಿನಲ್ಲಿ ಹೇಳುವುದು ಅದಕ್ಕಿಂತ ಸುಲಭವಾಗಿತ್ತು. ಅಂಚೆಯಕ್ಕ ಕನ್ನಡಕದವಳನ್ನೂ ಕರೆದುಕೊಂಡು ಮ್ಯಾನೇಜರನ ಕೋಣೆಗೆ ಹೋಗಿ ಒಂಬತ್ತು ಸಾಲನ್ನು ಪರದೆಯಲ್ಲಿ ತೋರಿಸಿದಳು. ಅವನು ಎರಡು ಸಲ ಓದಿ, ಇದು ಸುಳ್ಳು ಹೇಳುತ್ತೆ ಅಂತಾಯ್ತು ಎಂದ. ಹೌದು, ಒಳ್ಳೇ ಉದ್ದೇಶಕ್ಕೆ ಎಂದಳು. ಹತ್ತು ನಿಮಿಷದ ಉಪಾಯವನ್ನೂ ಮುಚ್ಚಿಡಲಿಲ್ಲ. ಅದನ್ನು ಮಾಡಿ ಸುಮ್ಮನಿದ್ದರೆ ತನಗೆ ಗೊತ್ತೇ ಆಗುತ್ತಿರಲಿಲ್ಲವಲ್ಲ ಎಂದು ಅವನು ಕೇಳಿದ. ದನಿಯಲ್ಲಿ ಮೆಚ್ಚುಗೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ನಿಮಗೆ ಗೊತ್ತಾಗ್ತಿರಲಿಲ್ಲ ಸರ್. ರಿಪೋರ್ಟಿಗೆ ಕಾಯ್ತಾ ಕೂತಿರೋರಿಗೂ ಗೊತ್ತಾಗ್ತಿರಲಿಲ್ಲ. ಬಂತು ಅಂತ ನಾವು ಹೇಳಿದ ಮೇಲೆ ಅವರು ಮತ್ತೆ ಕೇಳೋದೇ ಇಲ್ಲ. ಅದೇ ತೊಂದರೆ."

ಅವಳು ಆ ಸಾಲುಗಳನ್ನು ಅಳಿಸಿದಳು. ಹೊಸ ನಿಯಮ ಸರಳವಾಗಿತ್ತು. ಆ ಕಡೆಯವನು ತಾನೇ 'ತಲುಪಿತು' ಅನ್ನಬೇಕು. ಅನ್ನದಿದ್ದರೆ ಅಂಚೆ ಕಳಿಸಿದವನಿಗೆ, ಉತ್ತರ ಬರಲಿಲ್ಲ ಎಂದು ಹೇಳಿ ಸಂದೇಶವನ್ನು ವಾಪಸ್ ಕೊಡುತ್ತದೆ. ಮುಂದೇನು ಎಂಬುದು ಅವರವರ ಪಾಡು.

ಸೋಮವಾರ ಹೊಸ ಅಂಚೆಯನ್ನು ಎಲ್ಲ ಪ್ರೋಗ್ರಾಮುಗಳಿಗೂ ಸೇರಿಸಿ ಓಡಿಸಿದಾಗ ಆಫೀಸಿನ ಪರದೆಗಳೆಲ್ಲ ಕೆಂಪಾದವು. ವರ್ಷಗಳಿಂದ ತಣ್ಣಗಿದ್ದ ಒಂಬತ್ತು ಪ್ರೋಗ್ರಾಮುಗಳು ಒಂದರ ಹಿಂದೆ ಒಂದು, ಉತ್ತರ ಬರಲಿಲ್ಲ ಎಂದು ದೂರು ಕಕ್ಕತೊಡಗಿದವು. ರಿಪೋರ್ಟಿನ ಪ್ರೋಗ್ರಾಮು ಬರೆದವನು ಮುಖ ಗಂಟಿಕ್ಕಿಕೊಂಡು ಬಂದ. ಹಿಂದೆ ನೋಡೋಣ ನೋಡೋಣ ಎಂದಿದ್ದವನೇ. ಈಗ ತಲೆಗೂದಲು ನೆರೆತಿತ್ತು, ಹುದ್ದೆ ದೊಡ್ಡದಾಗಿತ್ತು.

"ಅಂಚೆಯಕ್ಕ, ಚೆನ್ನಾಗಿ ನಡೀತಿದ್ದದ್ದನ್ನ ಯಾಕೆ ಕೆಡಿಸಿದ್ರಿ?"

"ನಾನು ಕೆಡಿಸಿದ್ದಲ್ಲ. ನಿಮ್ಮ ಪ್ರೋಗ್ರಾಂ ಉತ್ತರ ಕೊಡ್ತಿರಲಿಲ್ಲ. ಹನ್ನೊಂದು ವರ್ಷ ಅದರ ಉತ್ತರ ನಾನು ಕೊಟ್ಟೆ. ಇನ್ನು ಮೇಲೆ ಅದೇ ಕೊಡ್ಲಿ."

"ಒಂದು ಮಾತು ಹೇಳಿದ್ರೆ ಸರಿಮಾಡ್ತಿದ್ನಲ್ಲ."

ಪಕ್ಕದ ಮೇಜಿನ ಕನ್ನಡಕದವಳು ಕೆಮ್ಮಿನ ನೆಪದಲ್ಲಿ ನಗು ಅಡಗಿಸಿಕೊಂಡಳು. ಅಂಚೆಯಕ್ಕ ಹಳೆಯ ಈಮೇಲುಗಳನ್ನು ಹುಡುಕಿ ತೆಗೆದಳು. ಹೇಳಿದ್ದಳು, ಆರು ತಿಂಗಳಲ್ಲಿ ಒಂಬತ್ತು ಸಲ. ಅದನ್ನು ಅವನಿಗೆ ಮರಳಿ ಕಳಿಸಿ ತನ್ನ ಕೆಲಸಕ್ಕೆ ತಿರುಗಿದಳು. ಆದರೆ ಒಳಗೆ ಅಳುಕು ಇದ್ದೇ ಇತ್ತು. ಇನ್ನು ನಾಲ್ಕೇ ದಿನ. ಕೆಂಪು ಪರದೆ ನೋಡಿದ ಯಾವ ಮ್ಯಾನೇಜರ್ ಆದರೂ ಅಂಗಡಿಯಿಂದ ಹೊಸದು ತರುವುದೇ ಲೇಸು ಎಂದುಕೊಂಡರೆ ತಪ್ಪೆನ್ನುವಂತಿರಲಿಲ್ಲ.

ಅತ್ತ ಮನೆಯಲ್ಲೂ ಕೆಂಪು ಪರದೆಯೇ. ಅತ್ತೆ ಅವಳಿಗೆ ಏನನ್ನೂ ಹೇಳುತ್ತಿರಲಿಲ್ಲ, ಹಾಗಾಗಿ ಮಾವನಿಗೂ ಏನೂ ತಲುಪುತ್ತಿರಲಿಲ್ಲ. ಮೊದಲ ದಿನ ಟೀ ಅಡುಗೆಮನೆಯಲ್ಲೇ ತಣ್ಣಗಾಯಿತು. ಎರಡನೆಯ ದಿನ ನೀರಿನ ಮೋಟರ್ ಆಫ್ ಮಾಡಲು ಯಾರೂ ಯಾರಿಗೂ ಹೇಳದೆ ಟ್ಯಾಂಕ್ ತುಂಬಿ ಹರಿದು ಪಕ್ಕದ ಮನೆಯವರು ಬಾಗಿಲು ಬಡಿದರು. ಗಂಡ ಗಾಬರಿಯಾಗಿ, ಅಮ್ಮನ ಹತ್ತಿರ ನೀನು ಹೋಗಿ ಒಂದು ಮಾತು ಆಡಬಾರದೇ ಎಂದು ಕೇಳಿದ. ಅವಳು ಅವನ ಚಡ್ಡಿ ಬನಿಯನ್‌ಗಳನ್ನು ಮಡಚಿ ಅವನ ಕೈಗೇ ಕೊಟ್ಟು, ಅವರು ನಿಮ್ಮ ಅಮ್ಮ, ಕೋಣೆ ಆ ಕಡೆ ಇದೆ ಎಂದಳು. ಅವನು ಮಡಚಿದ ಬಟ್ಟೆ ಹಿಡಿದುಕೊಂಡೇ ಹೋದ. ಒಳಗೆ ಏನು ನಡೆಯಿತೋ, ಅರ್ಧ ಗಂಟೆ ಬಿಟ್ಟು ಹೊರಬಂದವನು, ಅಮ್ಮಂಗೆ ಬೆರಳು ಅಷ್ಟು ಊದಿರೋದು ನನಗೆ ಯಾರೂ ಹೇಳೇ ಇಲ್ಲ ಎಂದ. ಮರುದಿನ ತಾನೇ ಡಾಕ್ಟರ ಬಳಿ ಸಮಯ ತೆಗೆದುಕೊಂಡ. ಆ ಚೀಟಿಯನ್ನು ಹೆಂಡತಿಯ ಕೈಗೆ ಕೊಡಲು ಹೊರಟು, ನಡುವೆಯೇ ನಿಂತು, ತಿರುಗಿ ತಾಯಿಯ ಕೋಣೆಗೆ ಹೋದದ್ದನ್ನು ಅವಳು ಕಂಡೂ ಕಾಣದಂತೆ ಇದ್ದಳು.

ಶುಕ್ರವಾರ ಮಧ್ಯಾಹ್ನ ಕನ್ನಡಕದವಳು ಕೊನೆಯ ಪರೀಕ್ಷೆ ಓಡಿಸಿದಳು. ಮ್ಯಾನೇಜರ್ ಕುರ್ಚಿಯ ಹಿಂದೆ ನಿಂತಿದ್ದ. ಕಳಿಸಿದ್ದು ಹತ್ತು ಸಾವಿರ. ತಲುಪಿದ್ದು ಒಂಬತ್ತು ಸಾವಿರದ ಒಂಬೈನೂರ ಅರವತ್ತೈದು. ಉತ್ತರ ಬಾರದೆ ವಾಪಸ್ ಬಂದದ್ದು ಮೂವತ್ತೈದು. ಆಮೇಲೆ ಕಳಿಸಿದ ಪ್ರೋಗ್ರಾಮು ಆ ಮೂವತ್ತೈದನ್ನೂ ಮತ್ತೆ ಕಳಿಸಿತು, ಆ ಕಡೆಯವನು ಒಂದೊಂದಕ್ಕೂ ಬಾಯಿಬಿಟ್ಟು ಉತ್ತರ ಕೊಟ್ಟ. ರಿಪೋರ್ಟಿನ ಮಹಾಶಯ ಮೂರು ದಿನ ಮುಖ ಊದಿಸಿಕೊಂಡೇ ಕೂತು ತನ್ನ ಪ್ರೋಗ್ರಾಮಿಗೆ ಉತ್ತರ ಕೊಡುವುದನ್ನು ಕಲಿಸಿದ್ದ. ಕನ್ನಡಕದವಳು ಎರಡನೆಯ ಸಲ ಎಣಿಸಿ, ಸರಿಯಿದೆ ಎಂದಳು.

ಮ್ಯಾನೇಜರ್ ಗಲ್ಲ ಸವರಿಕೊಂಡ. ಹೊರಗಿನದು ಕೊಂಡಿದ್ದರೂ ಇದೇ ಕೆಂಪು ಬರುತ್ತಿತ್ತು, ನಮ್ಮವರ ಪ್ರೋಗ್ರಾಮುಗಳನ್ನೇ ತಿದ್ದಬೇಕಾಗುತ್ತಿತ್ತು ಎಂದು ತನಗೆ ತಾನೇ ಹೇಳಿಕೊಂಡವನಂತೆ ಹೇಳಿ, "ಇರಲಿ ಮೇಡಂ, ಅಂಚೆನೇ ಮುಂದುವರಿಲಿ. ಆದ್ರೆ ಇನ್ನು ನೀವೊಬ್ಬರೇ ಅಲ್ಲ. ಈ ಮೇಡಂಗೂ ಕಲಿಸಿ" ಎಂದು ಕನ್ನಡಕದವಳನ್ನು ತೋರಿಸಿದ. ಹಳೆಯ ಲ್ಯಾಬುಗಳಿಗೂ ತಿದ್ದಿದ್ದನ್ನು ಕಳಿಸಬೇಕು, ಯಾಕೆ ಎಂಬ ಪತ್ರವನ್ನು ಅವಳೇ ಬರೆಯಬೇಕು ಎಂದೂ ಹೇಳಿದ. ಅಷ್ಟೇ. ಚಪ್ಪಾಳೆ ಇಲ್ಲ, ಶಹಬ್ಬಾಸ್ ಇಲ್ಲ. ಅಂಚೆಯಕ್ಕ ಮೂರು ಮಹಡಿ ಇಳಿದು ಚಪ್ಪಲಿ ಅಂಗಡಿಯ ಗಾಜಿನ ಮುಂದೆ ಒಂದು ನಿಮಿಷ ನಿಂತಳು. ಗಾಜಿನಲ್ಲಿ ತನ್ನ ಮುಖ ನೋಡಿ, ತಲೆಗೂದಲು ಸರಿಮಾಡಿಕೊಂಡು ಬಸ್ಸಿಗೆ ಹೋದಳು.

ಮನೆಯಲ್ಲಿ ಅತ್ತೆ ಒಲೆಯ ಮುಂದಿದ್ದರು. ಬೆರಳಿಗೆ ಮುಲಾಮು ಸವರಿತ್ತು. ಅವಳು ಬಂದದ್ದನ್ನು ನೋಡಿ, ತಿರುಗಿ, ಇನ್ನೊಂದು ಲೋಟ ಇಳಿಸಿ ಟೀ ಬಗ್ಗಿಸಿ ಅವಳ ಕಡೆ ಸರಿಸಿದರು. ಮಾತಿಲ್ಲ. ಆದರೆ ಲೋಟ ಬಂದಿತ್ತು. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆಗ ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ಮಾವ. ಕೈಯಲ್ಲಿ ಪೇಪರ್ ಇರಲಿಲ್ಲ. ಅವರು ಆ ಬಾಗಿಲಿಗೆ ಬಂದು ನಿಂತದ್ದನ್ನು ಅವಳು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ. ಅವರು ಸೊಸೆಯ ಮುಖವನ್ನೇ ನೋಡುತ್ತ, ಗಂಟಲು ಸರಿಮಾಡಿಕೊಂಡರು.

"ಅವಳಿಗೆ ಹೇಳು. ಫೋನ್ ಮಾಡಿದ್ದೆ. ಆ ಮೆಷಿನ್ ಈಗ ಇಲ್ವಂತೆ. ಹಳೇ ಸಾಮಾನಿನವರಿಗೆ ಹಾಕಿಬಿಟ್ರಂತೆ."

ಅತ್ತೆಯ ಬೆನ್ನು ಹಾಗೇ ನಿಂತಿತು. ಒಲೆಯ ಉರಿ ಸುಯ್ಯೆನ್ನುತ್ತಿತ್ತು. ಮಾವ ಇನ್ನೂ ಅವಳನ್ನೇ ನೋಡುತ್ತಿದ್ದರು, ಎತ್ತಿಕೊಂಡು ಹೋಗಲಿ ಎಂದು ಸಾಮಾನು ಕೆಳಗಿಟ್ಟವರ ಹಾಗೆ.

"ಅತ್ತೆ ಇಲ್ಲೇ ಇದಾರೆ ಮಾವ" ಎಂದಳು ಅವಳು.

ಲೋಟ ಹಿಡಿದುಕೊಂಡು ಮಾವನ ಪಕ್ಕದಿಂದ ಜಾಗ ಮಾಡಿಕೊಂಡು ಹೊರಗೆ ಬಂದಳು. ಪಡಸಾಲೆ ದಾಟಿ, ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಇನ್ನೂ ಬೆಳಕಿತ್ತು. ಎದುರುಮನೆಯಾಕೆ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದಳು. ಒಳಗಿನಿಂದ ಏನೂ ಕೇಳಿಸಲಿಲ್ಲ. ಒಂದು. ಎರಡು. ಮೂರು. ಅವಳ ಕಾಲು ಏಳಲು ತಾನಾಗಿಯೇ ಮುಂದಾಯಿತು, ನಾಲಗೆಯ ತುದಿಗೆ ಎಷ್ಟೋ ಮಾತು ಬಂತು. ಅವಳು ಟೀ ಕುಡಿದಳು. ಸಕ್ಕರೆ ಸರಿಯಾಗಿತ್ತು. ನಾಲ್ಕು. ಐದು. ಎದುರುಮನೆಯಾಕೆ ಕೊನೆಯ ಟವೆಲನ್ನೂ ತೆಗೆದು ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ಎಣಿಕೆ ಎಲ್ಲೋ ತಪ್ಪಿತು.

ಆಮೇಲೆ ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಹಳೆಯ ಗಟ್ಟಿ ದನಿಯಲ್ಲ, ಎದುರಿಗಿರುವವರ ಜೊತೆ ಮಾತ್ರ ಆಡುವಷ್ಟು ಸಣ್ಣ ದನಿ.

"ಯಾವಾಗ ಹಾಕಿದ್ರಂತೆ?"